ಅಂಡಮಾನಿನಿಂದ ಬಂದ ಚಿಪ್ಪು: ಮುಟ್ಟಿದ್ರ ಸಾಯ್ತಾರಂತ, ಖರೇ ಏನ್ರಿ?

ವಿದ್ಯಾನಗರದ ಅಕ್ಕ (ಹುಬ್ಬಳ್ಳಿ)
ನಮಸ್ಕಾರ್ರಿ ಎಲ್ಲಾರಿಗೂ. ನನ್ನ ತಮ್ಮ ಮನಿಮಂದಿನ್ನ ಕರಕೊಂಡು ಅಂಡಮಾನಿಗೆ ಹೋಗಿದ್ದ. ಬರೂ ಮುಂದ ನಮ್ಮ ಹುಡುಗಗ ಅಂತ ಒಂದು ಚೀಲ ಚಿಪ್ಪು ತಂದಾನ. ಕವಡಿ, ಸಣ್ಣ ಶಂಖ, ಅದು ಇದು. ಅದರಾಗ ಒಂದು ಭಾಳ ಚಂದ ಐತಿ. ಬೆರಳುದ್ದ, ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ಬಿಳಿ ಮೈಮ್ಯಾಲೆ ಕಂದು ಗೆರಿಯ ತ್ರಿಕೋನಗಳು, ನಡುನಡುವ ಹಳದಿಗಂದು ಪಟ್ಟಿ. ಇಳಕಲ್ ಸೀರಿ ಸೆರಗಿನ ಗೋಪುರಗಳನ್ನ ಒಂದರ ಮ್ಯಾಲೊಂದು ಜೋಡಿಸಿದಂಗ ಕಾಣತೈತಿ. ಫೋಟೋ ಹಾಕೀನಿ ನೋಡ್ರಿ.

ಈಗ ತಕರಾರು ಏನಂದ್ರ, ನಮ್ಮ ಓಣಿ ವಾಟ್ಸಾಪ್ ಗ್ರೂಪಿನ್ಯಾಗ ಇಂಥದ್ದರ ಫೋಟೋ ಬಂತು. 'ಜಗತ್ತಿನ ಅತಿ ವಿಷಕಾರಿ ಹುಳ, ಮುಟ್ಟಿದ ಐದು ನಿಮಿಷದಾಗ ಸಾವು, ಔಷಧವೇ ಇಲ್ಲ' ಅಂತ. ಅವತ್ತಿಂದ ನಮ್ಮ ಅತ್ತಿಯವರು ಹುಡುಗನ್ನ ಶೋಕೇಸಿನ ಹತ್ತಿರ ಹಾಯಗೊಡವಲ್ಲರು. ಉಣಕಲ್ ಕೆರಿಗೆ ಒಗದು ಬಾ ಅಂತಾರ. ಹುಡುಗ ನೋಡಿದ್ರ ಸಾಲಿ ವಿಜ್ಞಾನ ಪ್ರದರ್ಶನಕ್ಕ ಅದನ್ನ ಒಯ್ಯೂದ ಅಂತ ಹಟ ಹಿಡದಾನ. ಗೊತ್ತಿದ್ದವರು ಹೇಳ್ರಿ.

ದುರ್ಗದಬೈಲ್ ಗಿರಮಿಟ್
ಅಕ್ಕಾರ, ಉಣಕಲ್ ಕೆರಿಗೆ ಮಾತ್ರ ಒಗಿಬ್ಯಾಡ್ರಿ, ಅಲ್ಲಿ ಅಂತರಗಂಗಿ ಕಾಟನ ಸಾಕಾಗೇತಿ. ಮತ್ತ ಐದು ನಿಮಿಷದಾಗ ಸಾಯೂದಾಗಿದ್ರ ನಿಮ್ಮ ತಮ್ಮ ಅಂಡಮಾನಿನಿಂದ ಹುಬ್ಬಳ್ಳಿ ತನಕಾ ಹೆಂಗ ಬಂದ್ರಿ?

ಕೋಡಿಬಾಗ ಹಳೇ ವಿದ್ಯಾರ್ಥಿ (ಧಾರವಾಡ)
ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಸಮುದ್ರ ಜೀವಶಾಸ್ತ್ರ ವಿಭಾಗ ಕಾರವಾರದಾಗ ಐತಲ್ರಿ, ಅಲ್ಲಿ ಓದಿದವ ನಾನು. ಫೋಟೋ ನೋಡಿದೆ. ಅದು ಕೋನ್ ಸ್ನೇಲ್, ಅಂದ್ರ ಕೋನಸ್ ಕುಲದ ಸಮುದ್ರದ ಬಸವನಹುಳದ ಚಿಪ್ಪು. ಆ ತ್ರಿಕೋನದ ನಮೂನಿ ನೋಡಿದ್ರ ಕೋನಸ್ ಟೆಕ್ಸ್‌ಟೈಲ್. ವಾಟ್ಸಾಪಿನ್ಯಾಗ ಬಂದದ್ದು ಬಹುಶಃ ಅದರ ಅಣ್ಣ, ಕೋನಸ್ ಜಿಯೋಗ್ರಾಫಸ್. ಮನುಷ್ಯರನ್ನ ಹೆಚ್ಚು ಕೊಂದದ್ದು ಅದ. ಆದ್ರ ಟೆಕ್ಸ್‌ಟೈಲ್ ಸಹಿತ ಜೀವಂತ ಇದ್ದಾಗ ಕೈಗೆ ತೊಗೊಳ್ಳೂವಂಥದ್ದಲ್ಲ.

ಈಗ ಮುಖ್ಯ ಮಾತು. ವಿಷ ಇರೂದು ಹುಳದಾಗ, ಚಿಪ್ಪಿನ್ಯಾಗ ಅಲ್ಲ. ಹುಳ ಸತ್ತು, ಮಾಂಸ ಪೂರಾ ಹೋಗಿ, ಖಾಲಿ ಆಗಿದ್ರ ಅದು ಬರೇ ಸುಣ್ಣದ ವಸ್ತು. ನೀವು ನೋಡಬೇಕಾದ್ದು ಇಷ್ಟ: ಉದ್ದಕ ಸೀಳಿದಂಗ ಒಂದು ಬಾಯಿ ಇರತೈತಿ, ಅಲ್ಲಿಂದ ನಾತ ಬರತೈತಿ ಏನು? ಟಾರ್ಚ್ ಹಿಡದು ನೋಡಿದ್ರ ಒಳಗ ಒಣಗಿದ ಕರಿ ಪದಾರ್ಥ ಏನರ ಐತಿ ಏನು? ಇದ್ರ ಕಡ್ಡಿ, ಪಿನ್ನು ಹಾಕಿ ಕೆದರಾಕ ಹೋಗಬ್ಯಾಡ್ರಿ, ಹಂಗ ಬಿಟ್ಟು ಹೇಳ್ರಿ.

ವಿದ್ಯಾನಗರದ ಅಕ್ಕ
ನಾತ ಇಲ್ರಿ. ಟಾರ್ಚ್ ಹಿಡದು ನೋಡಿದೆ, ಒಳಗ ನುಣ್ಣಗ ಬೆಳ್ಳಗ ಐತಿ, ಒಂದಿಷ್ಟು ಉಸುಕು ಉದುರಿತು. ತಮ್ಮಗ ಫೋನ್ ಮಾಡಿ ಕೇಳಿದೆ, ಅಂಗಡ್ಯಾಗ ಕೊಂಡದ್ದಂತ, ತೊಳದು ಪಾಲಿಶ್ ಮಾಡಿದ್ದಂತ.

ಕೋಡಿಬಾಗ ಹಳೇ ವಿದ್ಯಾರ್ಥಿ
ಹಂಗಾದ್ರ ಚಿಂತಿ ಇಲ್ಲ. ಹುಡುಗ ಮುಟ್ಟಲಿ, ಒಯ್ಯಲಿ. ಅಜ್ಜಿಯವರಿಗೂ ಕೈಯಾಗ ಕೊಟ್ಟು ತೋರಸ್ರಿ.

ಗದಗ ಮುದ್ರಣ
ನನಗ ಒಂದು ಮಾತು ತಿಳಿವಲ್ದು. ಮಳಿಗಾಲದಾಗ ನಮ್ಮ ಹಿತ್ತಲದಾಗ ಬಸವನಹುಳ ಬರ್ತಾವ. ಒಂದು ಗೋಡಿ ಏರಾಕ ಅರ್ಧ ದಿನ ತೊಗೊಳ್ತಾವ. ಇಂಥಾದ್ದು ಮೀನು ಹಿಡದು ತಿಂತೈತಿ ಅಂದ್ರ ನಂಬೂದು ಹೆಂಗ? ಮೀನು ಏನು ನಿಂತುಕೊಂಡು 'ಬಾ ತಿನ್ನು' ಅಂತೈತಿ ಏನು?

ಕೋಡಿಬಾಗ ಹಳೇ ವಿದ್ಯಾರ್ಥಿ
ಚಲೋ ಪ್ರಶ್ನೆ ಕೇಳಿದ್ರಿ ಸರ್. ಓಡಿ ಹಿಡಿಯಾಕ ಆಗೂದಿಲ್ಲ ಅಂತನ ಅದಕ್ಕ ವಿಷ ಬೇಕಾಗೇತಿ. ಕುಟುಕಿದ ಮ್ಯಾಲೆ ಮೀನು ನಾಕು ಮಾರು ದೂರ ಹೋಗಿ ಸತ್ರ ಅದನ್ನ ಹುಡಿಕ್ಯಾಡಿ ಮುಟ್ಟೂದ್ರೊಳಗ ಏಡಿಯೋ ಇನ್ನೊಂದು ಮೀನೋ ತಿಂದು ಮುಗಿಸಿರತೈತಿ. ಅದಕ್ಕ ಕುಟುಕಿದಲ್ಲೇ ಮೀನು ಬಿದ್ದುಬಿಡಬೇಕು.

ಹೆಂಗ ಮಾಡತೈತಿ ಹೇಳ್ತೀನಿ. ಹಗಲೆಲ್ಲಾ ಉಸುಕಿನ್ಯಾಗ, ಹವಳದ ಕಲ್ಲಿನ ಸಂದ್ಯಾಗ ಅಡಗಿರತೈತಿ, ರಾತ್ರಿ ಹೊರಗ ಬರತೈತಿ. ಮೈಯಿಂದ ಒಂದು ಕೊಳವಿ ಮುಂದ ಚಾಚಿ ನೀರು ಎಳಕೊಂಡು ವಾಸನಿ ಹಿಡೀತೈತಿ, ಕಣ್ಣು ಅಷ್ಟಕ್ಕಷ್ಟ. ಮೀನು ಹತ್ತಿರ ಐತಿ ಅಂತ ಗೊತ್ತಾದ್ರ ಇನ್ನೊಂದು ಉದ್ದನ ಸೊಂಡಿಲು ಮೆಲ್ಲಕ ಹೊರಗ ಬರತೈತಿ. ಅದರ ತುದ್ಯಾಗ ಒಂದ ಒಂದು ಹಲ್ಲು. ನಮ್ಮ ಹಿತ್ತಲದ ಹುಳದ ಬಾಯಾಗ ಎಲಿ ಕೆರೆಯೂ ಸಾಲು ಹಲ್ಲು ಇರ್ತಾವಲ್ಲ, ಅದ ಅಂಗ ಇಲ್ಲಿ ಒಳಗ ಪೊಳ್ಳು ಇರೂ, ಮುಳ್ಳು ಇರೂ ಈಟಿ ಆಗೇತಿ. ಕೈಟಿನ್ ಅನ್ನೋ ವಸ್ತುವಿಂದ ಆದದ್ದು. ದೊಡ್ಡ ಜಾತಿಯೊಳಗ ಸೆಂಟಿಮೀಟರಿನ ಆಸುಪಾಸು ಉದ್ದ. ಸೊಂಡಿಲು ಮೀನಿಗೆ ತಾಕಿದ್ದ ತಡ, ಹಲ್ಲು ಒಳಗ ಹೋಗತೈತಿ, ವಿಷ ಅದರ ಪೊಳ್ಳಿನೊಳಗಿಂದ ನುಗ್ಗತೈತಿ. ನೋಡೂ ಕಣ್ಣಿಗೆ ಸಿಗೂದಿಲ್ಲ, ಅಷ್ಟು ಜಲ್ದಿ. ಒಂದು ಹಲ್ಲು ಒಂದ ಸಲ. ಮುಂದಿನ ಬ್ಯಾಟಿಗೆ ಇನ್ನೊಂದು, ಒಳಗ ಚೀಲದಾಗ ತಯಾರಿರತೈತಿ. ಮೀನು ಹಿಡಿಯೂ ಭಾಳ ಜಾತಿಯೊಳಗ ಆ ಹಲ್ಲಿನ ಬುಡ ಸೊಂಡಿಲಿನ್ಯಾಗ ಬಿಗಿಯಾಗಿ ಹಿಡದಿರತೈತಿ, ಹಂಗ ಎಳದು ನುಂಗತೈತಿ.

ವಿಷ ಅಂದ್ರ ಒಂದ ಪದಾರ್ಥ ಅಲ್ಲ. ಒಂದೊಂದು ಜಾತಿಯೊಳಗ ನೂರಕ್ಕ ಮ್ಯಾಲೆ ಪೆಪ್ಟೈಡ್, ಅಂದ್ರ ಪ್ರೋಟೀನಿನ ಜಾತಿಯ ಸಣ್ಣ ಸಣ್ಣ ಸರಪಳಿ, ಇರ್ತಾವ. ಒಂದು ಗುಂಪು ನರಗಳನ್ನ ಒಮ್ಮಿಲೇ ಕೆರಳಿಸಿ ಮೀನನ್ನ ಕರೆಂಟ್ ಹೊಡದಂಗ ಸೆಟೆಸಿಬಿಡ್ತಾವ. ಇನ್ನೊಂದು ಗುಂಪು ನರದಿಂದ ಸ್ನಾಯುವಿಗೆ ಹೋಗೂ ಸುದ್ದೀನ ಕತ್ತರಿಸ್ತಾವ. ಮೊದಲಿನದು ಕ್ಷಣದಾಗ, ಎರಡನೇದು ಸಾವಕಾಶ. ಎರಡೂ ಕೂಡಿದ್ರ ಮೀನು ಅಲ್ಲಾಡೂದಿಲ್ಲ.

ಒಂದು ಮಾತು ಬಿಟ್ಟೆ. ಎಲ್ಲಾ ಕೋನ್ ಮೀನು ತಿನ್ನೂದಿಲ್ಲ. 900ಕ್ಕೂ ಹೆಚ್ಚು ಜಾತಿ ಅದಾವ, ಹೆಚ್ಚಿನವು ಸಮುದ್ರದ ಎರಿಹುಳದ ಬಳಗಾನ ತಿಂದು ಬದಕ್ತಾವ. ಅಕ್ಕಾರ ಹತ್ತಿರ ಇರೂ ಟೆಕ್ಸ್‌ಟೈಲ್ ತಿನ್ನೂದು ಬ್ಯಾರೆ ಬಸವನಹುಳಗಳನ್ನ, ಕೆಲವು ಸಲ ಬ್ಯಾರೆ ಕೋನ್‌ಗಳನ್ನೂ.

ಗದಗ ಮುದ್ರಣ
ತಮ್ಮ ಬಳಗಾನ ತಿಂತೈತಿ! ನಮ್ಮ ಸಹಕಾರ ಸಂಘದ ಚುನಾವಣಿ ನೆನಪಾತು.

ಬಿವಿಬಿ ಕಟ್ಟಿ
ಆ ತ್ರಿಕೋನದ ನಮೂನಿ ಬಗ್ಗೆ ಒಂದು ಮಾತು. ನಾವು ಕಂಪ್ಯೂಟರ್ ಕ್ಲಾಸಿನಲ್ಲಿ ಸೆಲ್ಯುಲರ್ ಆಟೋಮೇಟಾ ಓದುವಾಗ ಉದಾಹರಣೆಗೆ ಈ ಚಿಪ್ಪಿನ ಚಿತ್ರವನ್ನೇ ತೋರಿಸಿದ್ದರು. ಒಂದು ಸಾಲಿನ ಚೌಕಗಳ ಬಣ್ಣ ನೋಡಿ, ಅಕ್ಕಪಕ್ಕದ ಚೌಕ ಏನಿದೆ ಅನ್ನೋದರ ಮೇಲೆ ಕೆಳಗಿನ ಸಾಲು ಬರೆಯುತ್ತಾ ಹೋಗಬೇಕು. ಸ್ಟೀಫನ್ ವುಲ್ಫ್ರಾಮ್ ಅವರ 'ರೂಲ್ 30' ಹಾಕಿದರೆ ಹೆಚ್ಚುಕಡಿಮೆ ಇಂಥದ್ದೇ ತ್ರಿಕೋನಗಳು ಬರುತ್ತವೆ. ಚಿಪ್ಪು ಬೆಳೆಯುವುದೂ ಅಂಚಿನಲ್ಲಿ, ಒಂದೊಂದೇ ಗೆರೆ. ಅಂಚಿನ ಜೀವಕೋಶಗಳು ಪಕ್ಕದವನ್ನು ನೋಡಿಕೊಂಡು ಬಣ್ಣ ಬಿಡುತ್ತವೆ ಎಂಬ ಲೆಕ್ಕ. ನಿಮ್ಮ ಹುಡುಗನಿಗೆ ಗ್ರಾಫ್ ಹಾಳೆ ಕೊಡಿ ಅಕ್ಕಾ, ಪೆನ್ಸಿಲ್ಲಿನಲ್ಲೇ ಬಿಡಿಸಬಹುದು. ಪ್ರದರ್ಶನಕ್ಕೆ ಚಿಪ್ಪಿಗಿಂತ ಅದೇ ಚೆನ್ನಾಗಿರುತ್ತೆ.

ರಾತ್ರಿಪಾಳಿ ಡಾಕ್ಟರ್ (ಹುಬ್ಬಳ್ಳಿ)
ವಾಟ್ಸಾಪ್ ಸಂದೇಶದಲ್ಲಿ ಅರ್ಧ ನಿಜ, ಅರ್ಧ ಮಸಾಲೆ. ಬಿಡಿಸಿ ಹೇಳುತ್ತೇನೆ.

ಪ್ರತಿವಿಷ ಇಲ್ಲ ಅನ್ನುವುದು ನಿಜ. ಹಾವಿಗೆ ಇರುವಂತೆ ಇದಕ್ಕೆ ಇಂಜೆಕ್ಷನ್ ಇಲ್ಲ. 'ಔಷಧವೇ ಇಲ್ಲ' ಅಂದರೆ 'ಏನೂ ಮಾಡಲಾಗದು' ಎಂದು ಜನ ತಿಳಿಯುತ್ತಾರೆ, ತಪ್ಪಾಗುವುದು ಅಲ್ಲಿ. ಈ ವಿಷ ಕೊಲ್ಲುವುದು ಮುಖ್ಯವಾಗಿ ಉಸಿರಾಟದ ಸ್ನಾಯುಗಳನ್ನು ನಿಲ್ಲಿಸಿ. ಕುಟುಕಿದ ಜಾಗದಲ್ಲಿ ಜೋಮು, ತುಟಿ ನಾಲಿಗೆ ಮರಗಟ್ಟುವುದು, ಕಣ್ಣು ಮಂಜಾಗುವುದು, ಮಾತು ತೊದಲುವುದು, ಕೈಕಾಲು ಬಲಹೀನ, ಆಮೇಲೆ ಉಸಿರು. ಜಿಯೋಗ್ರಾಫಸ್ ಕುಟುಕಿದಾಗ ನೋವೇ ಆಗದೆ ಇರಬಹುದು, ಅದು ಇನ್ನೂ ಅಪಾಯ, ಏಕೆಂದರೆ ಮನುಷ್ಯ 'ಏನೂ ಆಗಿಲ್ಲ' ಎಂದು ಸುಮ್ಮನಿರುತ್ತಾನೆ. ಆದರೆ ವಿಷದ ಪ್ರಭಾವ ಕಾಯಂ ಅಲ್ಲ, ದೇಹ ಅದನ್ನು ಕಳೆದುಕೊಳ್ಳುತ್ತದೆ. ಅಲ್ಲಿಯವರೆಗೆ ಯಾರಾದರೂ ರೋಗಿಗೆ ಉಸಿರು ಕೊಡುತ್ತಿದ್ದರೆ, ಬಾಯಿಯಿಂದಾಗಲಿ ವೆಂಟಿಲೇಟರಿನಿಂದಾಗಲಿ, ಬದುಕಿಕೊಳ್ಳುತ್ತಾನೆ. ಕುಟುಕಿದ ಕೈ ಅಥವಾ ಕಾಲಿಗೆ ಅಗಲವಾದ ಬ್ಯಾಂಡೇಜ್ ಒತ್ತಿ ಸುತ್ತಿ, ಅಲುಗಾಡದಂತೆ ಪಟ್ಟಿ ಕಟ್ಟಿ, ಆಸ್ಪತ್ರೆಗೆ. ಗಾಯ ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಯಾವುದೂ ಬೇಡ.

ಐದು ನಿಮಿಷ ಅನ್ನುವುದು ಮಸಾಲೆ. ಇಂಗ್ಲಿಷಿನಲ್ಲಿ ಇದಕ್ಕೆ 'ಸಿಗರೇಟ್ ಸ್ನೇಲ್' ಎಂಬ ಅಡ್ಡಹೆಸರೂ ಉಂಟು, ಕುಟುಕಿದ ಮೇಲೆ ಒಂದು ಸಿಗರೇಟ್ ಸೇದುವಷ್ಟೇ ಹೊತ್ತು ಎಂದು. ಅದೂ ಉತ್ಪ್ರೇಕ್ಷೆಯೇ. 1935ರಲ್ಲಿ ಆಸ್ಟ್ರೇಲಿಯದ ಹೇಮನ್ ದ್ವೀಪದಲ್ಲಿ ಒಬ್ಬ ಯುವಕ ಜಿಯೋಗ್ರಾಫಸ್ಸನ್ನು ಅಂಗೈಯಲ್ಲಿ ಹಿಡಿದು ಚಾಕುವಿನಿಂದ ಅದರ ಮೇಲಿನ ಪೊರೆ ಕೆರೆಯುತ್ತಿದ್ದಾಗ ಕುಟುಕಿಸಿಕೊಂಡ. ಅವನು ತೀರಿಕೊಂಡದ್ದು ಕೆಲವು ಗಂಟೆಗಳ ನಂತರ. ಅವನಿಗೆ ಬೇಕಾಗಿದ್ದದ್ದು ಆ ಗಂಟೆಗಳಲ್ಲಿ ಉಸಿರು ಕೊಡುವವರು.

ಇನ್ನೊಂದು ಲೆಕ್ಕ. 1705ರಲ್ಲಿ ಅಚ್ಚಾದ ರಂಫಿಯಸ್ ಎಂಬಾತನ ಪುಸ್ತಕದಲ್ಲಿ ಇಂಡೋನೇಷ್ಯಾದ ಬಾಂಡಾದಲ್ಲಿ ಹೀಗೆ ಒಂದು ಸಾವಾದದ್ದು ದಾಖಲಾಗಿದೆ. ಅಲ್ಲಿಂದ ಇಲ್ಲಿಯವರೆಗೆ ಇಡೀ ಜಗತ್ತಿನಲ್ಲಿ ದಾಖಲಾದ ಸಾವು ಕೆಲವು ಡಜನ್ ಮಾತ್ರ. ಹಾವಿನ ವಿಷಯ ತೆಗೆದುಕೊಳ್ಳಿ: 2000ದಿಂದ 2019ರ ನಡುವೆ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ ಎಂಬ ಅಂದಾಜಿದೆ. ಹಾವೇರಿ ಕಡೆಯ ಹೊಲದಿಂದ ಬರುವ ರೋಗಿಗಳನ್ನು ರಾತ್ರಿ ನೋಡುವವನು ನಾನು. ಮೊದಲು ನಾಟಿ ಔಷಧಕ್ಕೆ ಅಲೆದು, ಆಮೇಲೆ ನಮ್ಮಲ್ಲಿ ಬರುತ್ತಾರೆ. ಆ ಓಣಿ ಗ್ರೂಪಿನಲ್ಲಿ ಕೋನ್ ಸ್ನೇಲ್ ಬದಲು 'ಹಾವು ಕಚ್ಚಿದರೆ ಸೀದಾ ಆಸ್ಪತ್ರೆಗೆ' ಅಂತ ಹಾಕಿದರೆ ಪುಣ್ಯ ಬರುತ್ತದೆ.

ದುರ್ಗದಬೈಲ್ ಗಿರಮಿಟ್
ಡಾಕ್ಟರ್ ಸಾಹೇಬ್ರ, ಅಂಥಾ ಮೆಸೇಜ್ ಯಾರೂ ಫಾರ್ವರ್ಡ್ ಮಾಡೂದಿಲ್ರಿ. ಅಂಜಿಸಬೇಕು, ಅದೂ ಸಾವಿರ ಮೈಲಿ ದೂರ ಇರೂ ವಸ್ತುವಿಂದ ಅಂಜಿಸಬೇಕು. ಅಂದ್ರ ಮಜಾ.

ನವಲಗುಂದ ನಾಕಾ
ಈ ಹುಳದ ವಿಷದಿಂದ ಔಷಧಿ ಮಾಡ್ಯಾರಂತ ಓದಿದ್ದೆ. ಇದೆಲ್ಲ ನಮ್ಮ ಹಿರಿಯರಿಗೆ ಮೊದಲ ಗೊತ್ತಿತ್ತು ರಿ. ಆಯುರ್ವೇದದಾಗ ಶಂಖ ಭಸ್ಮ ಇಲ್ಲೇನು? ಶಂಖದಾಗ ಔಷಧಿ ಐತಿ ಅಂತ ಅವರು ಎಂದೋ ಕಂಡುಹಿಡದಾರ. ಈಗ ಫಾರಿನ್ ಮಂದಿ ಬಂದು ತಾವು ಹುಡುಕಿದಂಗ ಹೇಳಾಕ್ಹತ್ಯಾರ.

ಕೋಡಿಬಾಗ ಹಳೇ ವಿದ್ಯಾರ್ಥಿ
ಅಣ್ಣಾ, ಎರಡೂ ಬ್ಯಾರೆ ಬ್ಯಾರೆ. ಶಂಖ ಭಸ್ಮ ಮಾಡೂದು ಪೂಜಾಕ್ಕ ಇಡೂ ಶಂಖದ ಚಿಪ್ಪಿನಿಂದ, ಟರ್ಬಿನೆಲ್ಲಾ ಪೈರಮ್ ಅಂತ ಅದರ ಹೆಸರು. ಅದೂ ಹುಳ ಹಿಡದು ತಿನ್ನೂದ, ಆದ್ರ ನಮಗ ಏನೂ ಮಾಡೂದಿಲ್ಲ. ಅದರ ಚಿಪ್ಪನ್ನ ಸುಟ್ಟು ಪುಡಿ ಮಾಡ್ತಾರ, ಅದು ಕ್ಯಾಲ್ಸಿಯಂ. ಇಲ್ಲಿ ಮಾತಾಡೂದು ಹುಳದ ವಿಷದೊಳಗಿನ ಪೆಪ್ಟೈಡ್ ಬಗ್ಗೆ, ಬೆಂಕಿಗೆ ಹಾಕಿದ್ರ ಅದರಾಗಿಂದು ಏನೂ ಉಳಿಯೂದಿಲ್ಲ. ಹಿರಿಯರ ಶಂಖ ಭಸ್ಮಕ್ಕ ಅದರದ ಮರ್ಯಾದಿ ಐತಿ, ಇದನ್ನ ಅದಕ್ಕ ಗಂಟು ಹಾಕೂದು ಬ್ಯಾಡ.

ಮತ್ತ 'ಫಾರಿನ್ ಮಂದಿ' ಅಂದ್ರಲ್ಲ, ಈ ಕೆಲಸ ಶುರು ಮಾಡಿದವರು ಫಿಲಿಪ್ಪೀನ್ಸಿನವರು, ಬಾಲ್ಡೊಮೆರೊ ಒಲಿವೆರಾ. ಅಮೆರಿಕಾದಾಗ ಓದಿ ಮನಿಲಾಕ್ಕ ವಾಪಸ್ ಬಂದಾಗ ಲ್ಯಾಬಿನ್ಯಾಗ ದೊಡ್ಡ ಉಪಕರಣ ಇರಲಿಲ್ಲ. ಸಣ್ಣಂದಿರತ ಚಿಪ್ಪು ಕೂಡಿಸೂ ಹವ್ಯಾಸ ಇತ್ತು, ಊರಾಗ ಕೋನ್ ಸ್ನೇಲ್ ಸಿಗ್ತಿದ್ದವು, ಅದನ್ನ ಹಿಡಕೊಂಡ್ರು. ಮುಂದ ಅಮೆರಿಕಾದ ಯೂಟಾ ವಿಶ್ವವಿದ್ಯಾಲಯಕ್ಕ ಹೋದ ಮ್ಯಾಲೂ ಅದನ್ನ ಬಿಡಲಿಲ್ಲ. ಅವರ ಲ್ಯಾಬಿನ ಒಬ್ಬ ವಿದ್ಯಾರ್ಥಿ ವಿಷದ ಒಂದೊಂದು ಭಾಗ ಬ್ಯಾರೆ ಮಾಡಿ, ಇಲಿಯ ಹೊಟ್ಟಿಗೆ ಬದಲು ಸೀದಾ ಮಿದುಳಿಗೆ ಕೊಟ್ಟು ನೋಡೋಣು ಅಂದ. ಒಂದಕ್ಕ ಇಲಿ ಮಲಗಿತು, ಇನ್ನೊಂದಕ್ಕ ನಡುಗಿತು. ಒಂದೊಂದು ಪೆಪ್ಟೈಡ್ ಒಂದೊಂದು ಕೆಲಸ ಮಾಡತೈತಿ ಅಂತ ಅಲ್ಲಿ ಗೊತ್ತಾತು. ಮೈಕಲ್ ಮೆಕಿಂಟಾಶ್ ಅನ್ನಾವ, ಅವಾಗಿನ್ನೂ ಕಾಲೇಜು ಹುಡುಗ, ಕೋನಸ್ ಮೇಗಸ್ ಅನ್ನೋ ಜಾತಿಯ ವಿಷದಿಂದ 25 ಅಮೈನೋ ಆಮ್ಲದ ಒಂದು ಪೆಪ್ಟೈಡ್ ಬಿಡಿಸಿದ. ಅದನ್ನ ಲ್ಯಾಬಿನ್ಯಾಗ ತಯಾರಿಸಿ ಮಾಡಿದ ನೋವಿನ ಔಷಧಿ ಜಿಕೊನೊಟೈಡ್. 2004ರ ಡಿಸೆಂಬರಿನ್ಯಾಗ ಅಮೆರಿಕಾದಾಗ ಮಂಜೂರಾತು.

ನಮ್ಮವರೂ ಹಿಂದ ಬಿದ್ದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಾಗ ಪಿ. ಬಲರಾಂ ಅವರ ತಂಡ ನಮ್ಮ ದೇಶದ ಕರಾವಳಿಯ ಕೋನಸ್ ಅಮಾಡಿಸ್, ಕೋನಸ್ ಮೊನಿಲೆ ಇಂಥಾವುಗಳ ವಿಷದ ಮ್ಯಾಲೆ ಕೆಲಸ ಮಾಡೈತಿ. ಹೆಮ್ಮಿ ಪಡೂದಾದ್ರ ಇದಕ್ಕ ಪಡ್ರಿ.

ನವಲಗುಂದ ನಾಕಾ
ಬಲರಾಂ ಅವರ ಹೆಸರು ಕೇಳಿದ್ದಿಲ್ಲ. ನೋಡ್ತೀನಿ.

ಸಪ್ತಾಪುರ ಸಂಜೆ (ಧಾರವಾಡ)
ನೋವಿನ ಔಷಧ ಅಂದಿದ್ದಕ್ಕೆ ಕೇಳುತ್ತಿದ್ದೇನೆ. ನಮ್ಮ ತಂದೆಗೆ ಕ್ಯಾನ್ಸರ್, ಬೆನ್ನೆಲುಬಿಗೆ ಇಳಿದಿದೆ. ರಾತ್ರಿ ನಿದ್ದೆ ಇಲ್ಲ. ಮಾರ್ಫಿನ್ ಕೊಟ್ಟರೆ ಚಟ ಹತ್ತುತ್ತದೆ ಅಂತ ಮನೆಯಲ್ಲಿ ಎಲ್ಲರೂ ಹೆದರುತ್ತಾರೆ. ಈ ಹುಳದ ಔಷಧಕ್ಕೆ ಚಟ ಹತ್ತುವುದಿಲ್ಲ ಅಂತ ಎಲ್ಲೋ ಓದಿದೆ. ಇದನ್ನು ಕೇಳಬಹುದೇ ಡಾಕ್ಟರೇ?

ರಾತ್ರಿಪಾಳಿ ಡಾಕ್ಟರ್
ಸರ್, ಮೊದಲು ಮಾರ್ಫಿನ್ ವಿಷಯ. ಕ್ಯಾನ್ಸರ್ ನೋವಿಗೆ ತಿಳಿದ ವೈದ್ಯರು ಅಳತೆ ನೋಡಿ ಕೊಡುವ ಮಾರ್ಫಿನ್‌ಗೆ ಹೆದರಬೇಡಿ. ಆ ಹೆದರಿಕೆಯಿಂದಲೇ ನಮ್ಮಲ್ಲಿ ಎಷ್ಟೋ ಹಿರಿಯರು ನರಳುತ್ತಾರೆ. ಮಲಬದ್ಧತೆ ಆಗುತ್ತದೆ, ಅದಕ್ಕೆ ಜೊತೆಯಲ್ಲೇ ಔಷಧ ಕೊಡುತ್ತಾರೆ.

ಜಿಕೊನೊಟೈಡ್ ಗುಳಿಗೆಯೂ ಅಲ್ಲ, ಕೈಗೆ ಚುಚ್ಚುವ ಇಂಜೆಕ್ಷನ್ನೂ ಅಲ್ಲ. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಸಣ್ಣ ನಳಿಗೆ ಇಟ್ಟು, ಪಂಪಿನಿಂದ ಹನಿಹನಿಯಾಗಿ ಬಿಡಬೇಕು. ನೋವಿನ ಸುದ್ದಿ ಒಯ್ಯುವ ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಬರುವ ಒಂದು ಬಗೆಯ ಬಾಗಿಲನ್ನು ಅದು ಮುಚ್ಚುತ್ತದೆ, ಸುದ್ದಿ ಅಲ್ಲೇ ನಿಲ್ಲುತ್ತದೆ. ಮಾರ್ಫಿನ್ ದಾರಿ ಬೇರೆ, ಇದರ ದಾರಿ ಬೇರೆ, ಹಾಗಾಗಿ ಚಟ ಹತ್ತುವುದಿಲ್ಲ ಅನ್ನುವುದು ಸರಿಯೇ. ಆದರೆ ಡೋಸ್ ಸ್ವಲ್ಪ ಏರಿದರೂ ತಲೆಸುತ್ತು, ಗೊಂದಲ, ಇಲ್ಲದ್ದು ಕಾಣಿಸುವುದು ಎಲ್ಲ ಆಗುತ್ತದೆ. ಬೇರೆಲ್ಲ ಸೋತ ಮೇಲೆ ಯೋಚಿಸುವ ಔಷಧ ಅದು. ತಂದೆಯವರನ್ನು ನೋವು ನಿವಾರಣೆ ಅಥವಾ ಪ್ಯಾಲಿಯೇಟಿವ್ ವಿಭಾಗ ಇರುವ ಕಡೆ ಈ ವಾರವೇ ಕರೆದುಕೊಂಡು ಹೋಗಿ. 'ರಾತ್ರಿ ನಿದ್ದೆ ಇಲ್ಲ' ಅನ್ನುವ ಮಾತನ್ನೇ ಮೊದಲು ಹೇಳಿ.

ಸಪ್ತಾಪುರ ಸಂಜೆ
ಸೋಮವಾರ ಹೋಗುತ್ತೇವೆ. ತುಂಬಾ ಉಪಕಾರವಾಯಿತು.

ಲಕ್ಷ್ಮೇಶ್ವರ ಮಾಸ್ತರ
ಒಂದು ಬ್ಯಾರೆ ವಿಷಯ. ಕೋನ್ ಹುಳದಾಗ ಇನ್ಸುಲಿನ್ ಐತಿ ಅಂತ ಪತ್ರಿಕೆಯೊಳಗ ಓದಿದ್ದೆ. ನಾನು ಶುಗರ್ ಪೇಷಂಟು. ಹುಳಕ್ಕ ಇನ್ಸುಲಿನ್ ಯಾಕ ಬೇಕು?

ಕೋಡಿಬಾಗ ಹಳೇ ವಿದ್ಯಾರ್ಥಿ
ಮಾಸ್ತರ್ರ, ಇದು ನನಗ ಭಾಳ ಸೇರೂ ಕತಿ. ಜಿಯೋಗ್ರಾಫಸ್ ಒಂದೊಂದ ಮೀನು ಹಿಡಿಯೂದಿಲ್ಲ. ತನ್ನ ಬಾಯಿನ ಅಂಚನ್ನ ಬಲಿಯಂಗ ಅಗಲ ಹಿಗ್ಗಿಸಿ, ಕಲ್ಲಿನ ಸಂದ್ಯಾಗ ಮಲಗಿದ ಸಣ್ಣ ಮೀನುಗಳ ಗುಂಪನ್ನ ಪೂರಾ ಒಳಗ ಹಾಕ್ಕೊಂಡು, ಒಳಗ ಇದ್ದಾಗ ಒಂದೊಂದಕ್ಕ ಕುಟುಕತೈತಿ. ಹಂಗಾದ್ರ ಮೀನು ಓಡಿಹೋಗೂದಿಲ್ಲ ಯಾಕ? ಯೂಟಾದ ಒಲಿವೆರಾ ಬಳಗ 2015ರಾಗ ತೋರಿಸಿತು: ಈ ಹುಳದ ವಿಷದಾಗ ಇನ್ಸುಲಿನ್ ಐತಿ, ಅದೂ ತನ್ನ ಮೈಯ ಕೆಲಸಕ್ಕ ಇರೂದಲ್ಲ, ಮೀನಿನ ಇನ್ಸುಲಿನ್ ಹೋಲೂವಂಥದ್ದು. ಮೀನಿನ ರಕ್ತದ ಸಕ್ಕರಿ ಒಮ್ಮಿಲೇ ಕುಸೀತೈತಿ, ಅದು ಮಂಪರ ಹತ್ತಿದಂಗ ಸುಮ್ಮನಾಗಿಬಿಡತೈತಿ.

ನಿಮಗ ಲೋ ಶುಗರ್ ಆದಾಗ ಏನಾಗತೈತಿ ಅಂತ ನಿಮಗ ಗೊತ್ತು. ಅದನ್ನ ಇದು ಆಯುಧ ಮಾಡಿಕೊಂಡೈತಿ.

ಸಂಶೋಧಕರಿಗೆ ಇದರಾಗ ಆಸಕ್ತಿ ಯಾಕಂದ್ರ, ನಮ್ಮ ಇನ್ಸುಲಿನ್ ಅಣುಗಳು ಆರಾರು ಗಂಟು ಬಿದ್ದು ಕೂತಿರ್ತಾವ. ಚುಚ್ಚಿದ ಮ್ಯಾಲೆ ಆ ಗಂಟು ಬಿಚ್ಚಿ ಬಿಡಿಬಿಡಿ ಆಗಬೇಕು, ಅವಾಗ ಕೆಲಸ. ಹುಳದ ಇನ್ಸುಲಿನ್ನಿನ್ಯಾಗ ಗಂಟು ಬೀಳೂ ಆ ತುದಿನ ಇಲ್ಲ. ಆದ್ರೂ ನಮ್ಮ ಮೈಯ ಇನ್ಸುಲಿನ್ ಗ್ರಾಹಕಕ್ಕ ಅಂಟಿಕೊಳ್ತೈತಿ. ಅದನ್ನ ನೋಡಿ ಭಾಳ ಜಲ್ದಿ ಕೆಲಸ ಮಾಡೂ ಇನ್ಸುಲಿನ್ ಮಾಡಬಹುದೇನು ಅಂತ ಪ್ರಯತ್ನ ನಡದೈತಿ.

ರಾತ್ರಿಪಾಳಿ ಡಾಕ್ಟರ್
ಮಾಸ್ತರೇ, ಓದಿ ಖುಷಿಪಡಿ. ನಿಮ್ಮ ಈಗಿನ ಡೋಸ್ ಮಾತ್ರ ಹಂಗೇ ಇರಲಿ.

ಲಕ್ಷ್ಮೇಶ್ವರ ಮಾಸ್ತರ
ಹೂಂ ಸಾಹೇಬ್ರ, ಹಂಗ ಇರತೈತಿ. ದಸರಾ ಹೋಳಗಿ ಮಾತ್ರ ಕೇಳಬ್ಯಾಡ್ರಿ.

ಮಾಳಮಡ್ಡಿ ಬಣ್ಣ
ಚಿತ್ರ ಬರೆಯುವವಳು, ಒಂದು ಅಡ್ಡಮಾತು. ಡಚ್ ಚಿತ್ರಕಾರ ರೆಂಬ್ರಾಂಟ್ 1650ರಲ್ಲಿ ಒಂದು ಕೋನ್ ಚಿಪ್ಪಿನ ಎಚ್ಚಿಂಗ್ ಮಾಡಿದ್ದಾನೆ, ಕೋನಸ್ ಮಾರ್ಮೋರಿಯಸ್, ಕಪ್ಪು ಮೈ ಮೇಲೆ ಬಿಳಿ ಮಚ್ಚೆ. ತಾಮ್ರದ ತಗಡಿನ ಮೇಲೆ ಕಂಡಂತೆಯೇ ಕೊರೆದಿದ್ದರಿಂದ ಅಚ್ಚಿನಲ್ಲಿ ಸುರುಳಿ ಎಡಬಲ ಆಗಿಬಿಟ್ಟಿದೆ. ತನ್ನ ಸಹಿಯನ್ನು ಮಾತ್ರ ನೆನಪಿಟ್ಟು ತಿರುಗಿಸಿ ಬರೆದಿದ್ದಾನೆ! ಪ್ರಿಂಟ್‌ಮೇಕಿಂಗ್ ಕ್ಲಾಸಿನಲ್ಲಿ ಬೈಸಿಕೊಂಡವರಿಗೆಲ್ಲ ಇದು ಸಮಾಧಾನ.

ಕುಂದಗೋಳ ಕೋರ್ಟು
ಎಲ್ಲಾರೂ ವಿಷ, ಔಷಧಿ ಮಾತಾಡಿದ್ರಿ, ಕಾಯ್ದೆ ಮಾತು ಬರಲಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪಟ್ಟಿಗೆ 2001ರಾಗ ಸಮುದ್ರದ ಕೆಲವು ಚಿಪ್ಪುಜೀವಿ ಸೇರಿಸಿದ್ರು. ಅದರಾಗ ಒಂದು ಕೋನ್ ಸಹಿತ ಐತಿ, ಕೋನಸ್ ಮಿಲ್ನಿಎಡ್ವರ್ಡ್ಸಿ, 'ಗ್ಲೋರಿ ಆಫ್ ಇಂಡಿಯಾ' ಅಂತಾರ. ಉದ್ದಕ, ಚೂಪನೆಯ ನೆತ್ತಿ. ಹವಳ, ದೈತ್ಯ ಕಪ್ಪೆಚಿಪ್ಪು, ನಾಟಿಲಸ್ ಇವೂ ಕಾಯ್ದೆಯೊಳಗ ಬರ್ತಾವ. ಅಕ್ಕಾರ ಟೆಕ್ಸ್‌ಟೈಲ್ ಆ 2001ರ ಪಟ್ಟಿಯೊಳಗ ಇಲ್ಲ. ಆದ್ರ ಆ ಚೀಲದಾಗ ಇನ್ನೂ ಏನೇನು ಅದಾವ ಒಮ್ಮೆ ನೋಡ್ರಿ, ಬಿಳಿ ಹವಳದ ತುಂಡು ಇದ್ರ ಅದು ತಪ್ಪು. ಚಿಪ್ಪು ಕೊಂಡ ಅಂಗಡಿ ಪಾವತಿ ಇದ್ರ ಜ್ವಾಕಿ ಇಟ್ಟುಕೊಳ್ರಿ. ಮತ್ತ ಯಾರರ ಅಂಡಮಾನ್, ಲಕ್ಷದ್ವೀಪಕ್ಕ ಹೋಗೂರಿದ್ರ ದಂಡಿ ಮ್ಯಾಲಿಂದ ಏನೂ ಆರಿಸಿಕೊಂಡು ಬರಬ್ಯಾಡ್ರಿ.

ಕೋಡಿಬಾಗ ಹಳೇ ವಿದ್ಯಾರ್ಥಿ
ವಕೀಲರ ಮಾತಿಗೆ ನನ್ನದೂ ಒಂದು ಕೂಡಸ್ರಿ. ದಂಡಿ ಮ್ಯಾಲೆ ಚಂದ ಕಂಡ ಕೋನ್ ಜೀವಂತ ಇರಬಹುದು. 'ದಪ್ಪ ಕಡೆ ಹಿಡದ್ರ ಏನೂ ಆಗೂದಿಲ್ಲ' ಅಂತ ಹೇಳೂರು ಇರ್ತಾರ, ನಂಬಬ್ಯಾಡ್ರಿ. ಸೊಂಡಿಲು ಹೊಳ್ಳಿ ಬಂದು ಚಿಪ್ಪಿನ ಯಾವ ಮೂಲಿಗಾದ್ರೂ ಮುಟ್ಟತೈತಿ. ತೆಳು ಕೈಗವಸು, ಪ್ಯಾಂಟಿನ ಕಿಸೆ ಎರಡನ್ನೂ ಆ ಹಲ್ಲು ದಾಟತೈತಿ. ಮತ್ತ ಕೊಲ್ಲಾಕ ಒಂದು ವಿಷ, ತನ್ನ ರಕ್ಷಣಾಕ್ಕ ಇನ್ನೊಂದು ವಿಷ, ಎರಡೂ ಬ್ಯಾರೆ ಬ್ಯಾರೆ ತಯಾರು ಮಾಡೂ ತಾಕತ್ತು ಜಿಯೋಗ್ರಾಫಸ್ಸಿಗೆ ಐತಿ. ಮನುಷ್ಯಾರಿಗೆ ಸಿಗೂದು ಆ ರಕ್ಷಣಾದ ವಿಷ.

ವಿದ್ಯಾನಗರದ ಅಕ್ಕ
ಎಲ್ಲಾರಿಗೂ ಭಾಳ ಉಪಕಾರ್ರಿ. ಚೀಲ ನೋಡಿದೆ, ಹವಳ ಇಲ್ಲ. ತಮ್ಮಗ ಪಾವತಿ ಕಳಸಾಕ ಹೇಳೀನಿ. ಹುಡುಗ ಗ್ರಾಫ್ ಹಾಳಿ ಹಿಡಕೊಂಡು ಕೂತಾನ, ರೂಲ್ 30 ಹದಿನೈದನೇ ಸಾಲಿಗೆ ಬಂದೈತಿ. ಅತ್ತಿಯವರು ಚಿಪ್ಪು ಮುಟ್ಟಾಕ ಇನ್ನೂ ಒಲ್ಲೆ ಅಂತಾರ, ಆದ್ರ ಇನ್ಸುಲಿನ್ ಕತಿ ಕೇಳಿ 'ಅಯ್ಯ, ಆ ಹುಳಕ್ಕೂ ಶುಗರ್ ಏನು?' ಅಂದ್ರು.

ಬ್ಯಾಡಗಿ ಮೆಣಸಿನಕಾಯಿ
ತಡವಾಗಿ ಬಂದೆ. ನನ್ನ ಹತ್ತಿರನೂ ಒಂದು ಚಿಪ್ಪು ಐತಿ, ಗೋಕರ್ಣದ ದಂಡಿಯೊಳಗ ಸಿಕ್ಕದ್ದು. ಎರಡು ಬೆರಳಿನಷ್ಟು, ಬೂದು ಬಣ್ಣ, ಭಾಳ ಹೊಳಪು. ಇದೂ ಕೋನ್ ಏನ್ರಿ? ಮ್ಯಾಲಿಂದ ತೆಗದ ಫೋಟೋ ಹಾಕೀನಿ.

ಕೋಡಿಬಾಗ ಹಳೇ ವಿದ್ಯಾರ್ಥಿ
ಅಷ್ಟು ಹೊಳಪು ಇದ್ರ ಕೋನ್ ಇರಲಿಕ್ಕಿಲ್ಲ, ಆಲಿವ್ ಚಿಪ್ಪು ಅನಸತೈತಿ. ಕೋನಿನ ದಪ್ಪ ಭಾಗ ಮ್ಯಾಲೆ, ಹೆಗಲು ಇದ್ದಂಗ ಇರತೈತಿ. ಆಲಿವ್ ಎರಡೂ ಕಡೆ ಸಣ್ಣಾಗಿ ನಡುವ ಉಬ್ಬಿರತೈತಿ. ಹೊಳ್ಳಿಸಿ, ಬಾಯಿ ಕಡೆಯಿಂದ ಒಂದು ಫೋಟೋ ಹಾಕ್ರಿ, ಬಾಜೂಕ ಒಂದು ರೂಪಾಯಿ ನಾಣ್ಯ ಇಟ್ಟು.